ರಿಜಿಸ್ಟರ್‌ನಿಂದ ಕಾಮನ್ಸ್‌ವರೆಗೆ: ಸಂಗ್ರಹಾಲಯಗಳಿಗೆ ಒಗ್ಗುವ ತಂತ್ರಾಂಶ ಹೇಗಿರಬೇಕು?

ಒಂದು ಸಂಗ್ರಹಾಲಯದಲ್ಲಿ 10,000 ಹಳೆಯ ಫೋಟೊಗಳಿವೆ ಎಂದಿಟ್ಟುಕೊಳ್ಳಿ. ಸ್ಕ್ಯಾನಿಂಗ್ ಮುಗಿದು ಎಲ್ಲವೂ ಹಾರ್ಡ್ ಡಿಸ್ಕಿನಲ್ಲಿ ಕೂತಿವೆ. ಅವನ್ನು ವಿಕಿಪೀಡಿಯಕ್ಕೆ ಚಿತ್ರ ಒದಗಿಸುವ ಮುಕ್ತ ಭಂಡಾರ ವಿಕಿಮೀಡಿಯ ಕಾಮನ್ಸ್‌ಗೆ ಏರಿಸೋಣ, ಯಾರು ಬೇಕಾದರೂ ಬಳಸಿಕೊಳ್ಳಲಿ ಎಂದು ಮೇಲಿನವರು ಒಪ್ಪಿಯೂ ಆಗಿದೆ. (ಅರ್ಧ ಯುದ್ಧ ಅಲ್ಲೇ ಮುಗಿಯಿತು ಅನ್ನಿ.) ಒಂದೊಂದೇ ಫೋಟೊ ತೆಗೆದುಕೊಂಡು, ಜಾಲತಾಣದ ಫಾರ್ಮು ತುಂಬುತ್ತಾ ಹೋದರೆ ಎಷ್ಟು ಸಮಯ ಬೇಕು? ಫೋಟೊಕ್ಕೆ 5 ನಿಮಿಷ ಎಂದರೂ 50,000 ನಿಮಿಷ, ಅಂದರೆ 833 ಗಂಟೆ. ದಿನಕ್ಕೆ 8 ಗಂಟೆ ಇದೊಂದೇ ಕೆಲಸಕ್ಕೆ ಕೂತರೆ 104 ದಿನ. ಇಬ್ಬರೋ ಮೂವರೋ ಇರುವ ಕಚೇರಿಯಲ್ಲಿ ಇದಕ್ಕೆಂದು ಒಬ್ಬರನ್ನು ಮೂರೂವರೆ ತಿಂಗಳು ಬಿಟ್ಟುಕೊಡುವವರು ಯಾರು?

ಹಾಗಾಗಿ ಒಟ್ಟಿಗೆ ಏರಿಸುವ ಒಂದು ತಂತ್ರಾಂಶ ಬೇಕು ಎಂಬ ಮಾತು ಬರುತ್ತದೆ. ಅಲ್ಲಿಗೆ ಇದು ಕಂಪ್ಯೂಟರ್ ಗೊತ್ತಿರುವವರ ಕೆಲಸ, ಅವರಿಗೆ ಒಪ್ಪಿಸಿದರಾಯಿತು ಎಂದು ಎಲ್ಲರಿಗೂ ಅನ್ನಿಸಿಬಿಡುತ್ತದೆ. ತೊಡಕು ಶುರುವಾಗುವುದು ಅಲ್ಲಿಂದಲೇ. ಕಡತಗಳನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವುದು ಕಂಪ್ಯೂಟರಿಗೆ ಕಷ್ಟವೇ ಅಲ್ಲ. ಪ್ರತಿ ಫೋಟೊದ ಹಿಂದೆ ಇರುವ ವಿವರ, ಅಂದರೆ ಮೆಟಾಡೇಟಾ, ಅದನ್ನು ಸಾಗಿಸುವುದು ಕಷ್ಟ. ಸಂಗ್ರಹಾಲಯದ ರಿಜಿಸ್ಟರ್‌ನಲ್ಲಿ ‘ಮೂಲ’ ಎಂಬ ಕಾಲಮ್ಮಿನಲ್ಲಿ ಫೋಟೊ ದಾನ ಕೊಟ್ಟ ಮನೆತನದ ಹೆಸರಿರುತ್ತದೆ. ಕಾಮನ್ಸ್ ‘ಮೂಲ’ ಎಂದು ಕೇಳಿದರೆ ಈ ಕಡತ ಎಲ್ಲಿಂದ ಬಂತು ಹೇಳಿ ಎಂದರ್ಥ. ರಿಜಿಸ್ಟರ್‌ನಲ್ಲಿ ‘ಸುಮಾರು 1920’ ಎಂದಿರುತ್ತದೆ. ಯಂತ್ರಕ್ಕೆ ‘ಸುಮಾರು’ ಜೀರ್ಣವಾಗುವುದಿಲ್ಲ. ಛಾಯಾಗ್ರಾಹಕ ಯಾರೆಂದು ಗೊತ್ತಿಲ್ಲ, ಆದರೆ ಕಾಮನ್ಸ್‌ನಲ್ಲಿ ಕರ್ತೃವಿನ ಅಂಕಣವನ್ನೂ ಲೈಸೆನ್ಸನ್ನೂ ತುಂಬದೆ ಮುಂದೆ ಹೋಗುವ ಹಾಗಿಲ್ಲ.

ಈ ಕಷ್ಟಕ್ಕೆ ಜಗತ್ತು ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಉತ್ತರ ಕೊಟ್ಟಿದೆ. ಕಾಮನ್ಸ್ ಸುತ್ತ ಬಳಕೆಗೆ ಬಂದ ಮೂರು ತಂತ್ರಾಂಶಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ, ‘ಬಳಕೆದಾರರಿಗಾಗಿ’ ಕಟ್ಟುವುದಕ್ಕೂ ಬಳಕೆದಾರರ ಮೇಜಿನಿಂದ ಕಟ್ಟುವುದಕ್ಕೂ ಇರುವ ವ್ಯತ್ಯಾಸ ಕಾಣುತ್ತದೆ.

ಬಾಟ್‌ಗಳ ಕಾಲ

ಕಾಮನ್ಸ್ ಶುರುವಾದದ್ದು 2004ರಲ್ಲಿ. ಇವತ್ತು ಅಲ್ಲಿ 10 ಕೋಟಿಗೂ ಹೆಚ್ಚು ಕಡತಗಳಿವೆ. ಮೊದಮೊದಲು ಅಲ್ಲಿದ್ದದ್ದು ಹೆಚ್ಚಾಗಿ ಹವ್ಯಾಸಿಗಳ ಚಿತ್ರಗಳು. ದೊಡ್ಡ ಸಂಸ್ಥೆಯೊಂದು ಭಂಡಾರವನ್ನೇ ತೆರೆದ ಮೊದಲ ದೊಡ್ಡ ಉದಾಹರಣೆ ಜರ್ಮನಿಯ ರಾಷ್ಟ್ರೀಯ ಪತ್ರಾಗಾರ ಬುಂಡೆಸ್‌ಆರ್ಕೀವ್‌ನದು. 2008ರ ಡಿಸೆಂಬರ್‌ನಲ್ಲಿ ಅದು 80 ಸಾವಿರಕ್ಕೂ ಹೆಚ್ಚು ಚಿತ್ರಗಳನ್ನು ಕೊಟ್ಟಿತು. ಅವನ್ನು ಏರಿಸಿದ್ದು ಸ್ವಯಂಸೇವಕರು ಆ ಒಂದು ಕೆಲಸಕ್ಕೆಂದೇ ಬರೆದ ಬಾಟ್, ಅಂದರೆ ತಾನೇ ಓಡುವ ಪುಟ್ಟ ಪ್ರೋಗ್ರಾಮು.

ಕೆಲಸವೇನೋ ಅಚ್ಚುಕಟ್ಟಾಗಿ ಆಯಿತು. ಆದರೆ ಮುಂದಿನ ಸಂಸ್ಥೆ ಬಂದಾಗ ಮತ್ತೆ ಮೊದಲಿನಿಂದ ಬರೆಯಬೇಕು, ಏಕೆಂದರೆ ಅವರ ವಿವರಗಳ ಅಚ್ಚು ಬೇರೆ. ಪ್ರತಿ ಸಂಗ್ರಹಾಲಯವೂ ಬಿಡುವಿರುವ, ಪುಕ್ಕಟೆ ದುಡಿಯುವ, ಪ್ರೋಗ್ರಾಮಿಂಗ್ ಬಲ್ಲ ಒಬ್ಬ ವಿಕಿಪೀಡಿಯನ್ನನನ್ನು ಹುಡುಕಿಕೊಳ್ಳಬೇಕು. ಬರ್ಲಿನ್ನಿನಲ್ಲೋ ಆಮ್‌ಸ್ಟರ್‌ಡ್ಯಾಮಿನಲ್ಲೋ ಸಿಕ್ಕಾರು. ಸಣ್ಣ ಊರಿನ ಗ್ರಂಥಾಲಯಕ್ಕೆ ಎಲ್ಲಿಂದ?

ದೊಡ್ಡ ಯೋಜನೆ, ದೊಡ್ಡ ಹೊಸ್ತಿಲು

ಈ ಅವಲಂಬನೆಯನ್ನು ತಪ್ಪಿಸಲೆಂದೇ ಗ್ಲಾಮ್‌ವಿಕಿ ಟೂಲ್‌ಸೆಟ್ ಹುಟ್ಟಿತು. ಗ್ಯಾಲರಿ, ಲೈಬ್ರರಿ, ಆರ್ಕೈವ್, ಮ್ಯೂಸಿಯಂ ಈ ನಾಲ್ಕರ ಮೊದಲಕ್ಷರ ಸೇರಿಸಿ ಈ ವಲಯದವರು ತಮ್ಮನ್ನು ‘ಗ್ಲಾಮ್’ ಎಂದು ಕರೆದುಕೊಳ್ಳುತ್ತಾರೆ. ಯುರೋಪಿನ ಸಂಸ್ಕೃತಿ ಸಂಗ್ರಹಗಳನ್ನು ಒಂದೆಡೆ ತೋರಿಸುವ ಯುರೋಪಿಯಾನ ಮತ್ತು ನೆದರ್ಲೆಂಡ್ಸ್, ಬ್ರಿಟನ್, ಫ್ರಾನ್ಸ್, ಸ್ವಿಟ್ಜರ್ಲೆಂಡ್‌ಗಳ ವಿಕಿಮೀಡಿಯ ಘಟಕಗಳು ಕೂಡಿ ಕಟ್ಟಿದ ತಂತ್ರಾಂಶ ಇದು. 2014ರ ಹೊತ್ತಿಗೆ ಬಳಕೆಗೆ ಬಂತು.

ಅದರ ಯೋಚನೆ ಚೆನ್ನಾಗಿಯೇ ಇತ್ತು. ಸಂಸ್ಥೆ ತನ್ನ ವಿವರಗಳನ್ನೆಲ್ಲ ಒಂದು ಎಕ್ಸ್‌ಎಂಎಲ್ (ಪ್ರತಿ ವಿವರಕ್ಕೂ ಹೆಸರಿನ ಗುರುತು ಹಾಕಿ ಬರೆಯುವ ಮಾದರಿ) ಕಡತವಾಗಿ ಕೊಡುತ್ತದೆ. ಆ ಕಡತದ ಯಾವ ಅಂಶ ಕಾಮನ್ಸ್‌ನ ಯಾವ ಅಂಕಣಕ್ಕೆ ಹೋಗಬೇಕು ಎಂದು ಪರದೆಯ ಮೇಲೆ ಗೆರೆ ಜೋಡಿಸಿದ ಹಾಗೆ ಹೊಂದಿಸಿಕೊಡಬೇಕು. ಕೆಲವು ಚಿತ್ರಗಳನ್ನು ಮಾತ್ರ ಏರಿಸಿ ಪರೀಕ್ಷೆ ನೋಡಬಹುದು. ಸರಿ ಕಂಡರೆ ಉಳಿದದ್ದನ್ನು ಅದೇ ತಾನಾಗಿ ಎಳೆದುಕೊಳ್ಳುತ್ತದೆ. ಸಾವಿರಗಟ್ಟಲೆ ಕಡತಗಳಿಗೆ ಒಂದೇ ಸಲದ ಕೆಲಸ.

ಆದರೆ ಹೊಸ್ತಿಲು ಎತ್ತರವಾಗಿತ್ತು. ಎಕ್ಸ್‌ಎಂಎಲ್ ಒಂದರೊಳಗೊಂದು ಗೂಡು ಕಟ್ಟಿಕೊಂಡಿರದೆ ಚಪ್ಪಟೆಯಾಗಿರಬೇಕಿತ್ತು; ಸಂಸ್ಥೆಗಳ ಡೇಟಾಬೇಸಿನಿಂದ ಬರುವ ಎಕ್ಸ್‌ಎಂಎಲ್ ಸಾಮಾನ್ಯವಾಗಿ ಹಾಗಿರುವುದಿಲ್ಲ. ಚಿತ್ರಗಳು ಆಗಲೇ ಯಾವುದಾದರೂ ವೆಬ್ ಸರ್ವರಿನಲ್ಲಿ, ಪ್ರತಿಯೊಂದಕ್ಕೂ ಒಂದು ವಿಳಾಸವಿರುವಂತೆ ಕೂತಿರಬೇಕಿತ್ತು. ಆ ಸರ್ವರಿನ ಹೆಸರನ್ನು ಮುಂಚೆಯೇ ಅನುಮತಿ ಪಟ್ಟಿಗೆ ಸೇರಿಸಬೇಕಿತ್ತು. ಬಳಸುವವರು ಪರೀಕ್ಷಾ ತಾಣದಲ್ಲಿ ಮೊದಲು ಕೈ ಪಳಗಿಸಿಕೊಂಡು, ಆಮೇಲೆ ವಿಶೇಷ ಹಕ್ಕು ಕೇಳಿ ಪಡೆಯಬೇಕಿತ್ತು. ಈ ಅನುಮತಿಯ ಕಟ್ಟುಪಾಡು ಸುಮ್ಮನೆ ಹಾಕಿದ್ದಲ್ಲ. 2014ರಲ್ಲೇ ಒಮ್ಮೆ ಭಾರಿ ಗಾತ್ರದ ನಕ್ಷೆಗಳು ಈ ದಾರಿಯಲ್ಲಿ ಒಟ್ಟೊಟ್ಟಿಗೆ ನುಗ್ಗಿ, ಅವುಗಳ ಸಣ್ಣ ಪ್ರತಿ ತಯಾರಿಸುವ ಸರ್ವರುಗಳು ಏದುಸಿರು ಬಿಟ್ಟಿದ್ದವು.

ಪರಿಣಾಮ ಏನಾಯಿತು? ತಾಂತ್ರಿಕ ವಿಭಾಗ ಇರುವ ದೊಡ್ಡ ಸಂಸ್ಥೆಗಳೂ ಮೊದಲಿನಿಂದ ಬಾಟ್ ಬರೆಯುತ್ತಿದ್ದ ಅನುಭವಸ್ಥ ಸ್ವಯಂಸೇವಕರೂ ಅದನ್ನು ಚೆನ್ನಾಗಿ ದುಡಿಸಿಕೊಂಡರು. ಯಾರಿಗೆ ಪ್ರೋಗ್ರಾಮರ್ ಇಲ್ಲವೆಂದು ಅದನ್ನು ಕಟ್ಟಲಾಗಿತ್ತೋ ಅವರು ಹೊಸ್ತಿಲಲ್ಲೇ ನಿಂತರು. ಮುಂದೆ ಅದನ್ನು ಕಾಮನ್ಸ್‌ನಿಂದ ತೆಗೆದುಹಾಕಲಾಯಿತು.

ನನ್ನ ಓದಿನಲ್ಲಿ ಇದು ಸೋಮಾರಿತನದ ಕತೆಯಲ್ಲ. ನಿಮಗೆ ಏನು ಬೇಕು ಎಂದು ಸಂಸ್ಥೆಗಳನ್ನು ಕೇಳಿದರೆ ‘ನಮ್ಮ ಡೇಟಾಬೇಸಿನಿಂದ ನೇರವಾಗಿ ಹೋಗುವಂತಿರಲಿ’ ಎಂದೇ ಹೇಳುತ್ತಾರೆ. ಯಾರೂ ಸಭೆಯಲ್ಲಿ ಕೂತು ‘ನಮ್ಮ ನಿಜವಾದ ಕ್ಯಾಟಲಾಗ್ ಎಂದರೆ ಸಿಬ್ಬಂದಿಯೊಬ್ಬರ ಲ್ಯಾಪ್‌ಟಾಪಿನಲ್ಲಿರುವ ಎಕ್ಸೆಲ್ ಹಾಳೆ, ಅದರಲ್ಲೂ ಫೈನಲ್, ಫೈನಲ್-2, ಹೊಸ ಫೈನಲ್ ಎಂದು ಮೂರಿವೆ’ ಎಂದು ಒಪ್ಪಿಕೊಳ್ಳುವುದಿಲ್ಲ. ಅದನ್ನು ತಿಳಿಯಬೇಕಾದರೆ ಅವರ ಪಕ್ಕದಲ್ಲಿ ಕೂತು, ಹೋದ ಸಲ ಈ ಕೆಲಸ ಹೇಗೆ ಮಾಡಿದಿರಿ, ಒಂದು ಸಲ ಮಾಡಿ ತೋರಿಸಿ ಎನ್ನಬೇಕು.

ಹಾಳೆಯನ್ನೇ ಬಾಗಿಲು ಮಾಡಿದ್ದು

ಪ್ಯಾಟಿಪ್ಯಾನ್ ಎಂಬ ತಂತ್ರಾಂಶ ಮಾಡಿದ್ದು ಇಷ್ಟೇ: ಆ ಎಕ್ಸೆಲ್ ಹಾಳೆಯನ್ನು ಅಡ್ಡಿ ಎಂದುಕೊಳ್ಳದೆ ಬಾಗಿಲು ಎಂದುಕೊಂಡಿತು. ಪೋಲೆಂಡಿನ ಒಬ್ಬ ವಿಕಿಮೀಡಿಯನ್ 2016ರ ಸುಮಾರಿಗೆ ಕಟ್ಟಿದ ಸಾದಾ ಡೆಸ್ಕ್‌ಟಾಪ್ ತಂತ್ರಾಂಶ ಇದು. ನಿಮ್ಮ ಕಂಪ್ಯೂಟರಿನಲ್ಲಿ ಫೋಟೊಗಳಿರುವ ಫೋಲ್ಡರನ್ನು ತೋರಿಸಿದರೆ, ಪ್ರತಿ ಕಡತಕ್ಕೂ ಒಂದು ಸಾಲಿನಂತೆ ಒಂದು ಹಾಳೆಯನ್ನು ತಾನೇ ತಯಾರಿಸಿ ಕೊಡುತ್ತದೆ. ಮೊದಲ ಕಾಲಮ್ಮಿನಲ್ಲಿ ಕಡತ ಇರುವ ಜಾಗ, ಎರಡನೆಯದರಲ್ಲಿ ಕಾಮನ್ಸ್‌ನಲ್ಲಿ ಅದಕ್ಕೆ ಇಡಬೇಕಾದ ಹೆಸರು, ಮುಂದಕ್ಕೆ ನೀವು ಆರಿಸಿಕೊಂಡ ಅಂಕಣಗಳು. ಮಿಕ್ಕ ಕೆಲಸ ಎಕ್ಸೆಲ್ಲಿನಲ್ಲೋ ಲಿಬ್ರೆಆಫೀಸಿನಲ್ಲೋ. ತುಂಬಿ ವಾಪಸು ಕೊಟ್ಟರೆ, ಎಲ್ಲಿ ಏನು ಬಿಟ್ಟುಹೋಗಿದೆ ಎಂದು ಪರಿಶೀಲಿಸಿ ಏರಿಸುತ್ತದೆ. ಸರ್ವರ್ ಬೇಡ, ಎಕ್ಸ್‌ಎಂಎಲ್ ಬೇಡ.

ಇದರ ಜಾಣತನ ಇರುವುದು ಮಧ್ಯದ ಆ ವಿರಾಮದಲ್ಲಿ. ಹಾಳೆಯನ್ನು ಇಮೇಲಿನಲ್ಲಿ ಕಳಿಸಬಹುದು, ಸೋಮವಾರ ಅರ್ಧ ತುಂಬಿ ಶುಕ್ರವಾರ ಮುಂದುವರಿಸಬಹುದು, ಫೋಟೊದಲ್ಲಿರುವವರು ಯಾರೆಂದು ಗೊತ್ತಿರುವ ನಿವೃತ್ತ ಕ್ಯುರೇಟರ್ ಮನೆಗೆ ಪ್ರಿಂಟು ತೆಗೆದುಕೊಂಡು ಹೋಗಬಹುದು. ಸಂಗ್ರಹಾಲಯದ ಕೆಲಸ ನಡೆಯುವುದೇ ಹೀಗೆ, ತುಂಡುತುಂಡಾಗಿ, ನಾಲ್ಕು ಕೈ ದಾಟಿ. ಹದಿನೈದು ನಿಮಿಷ ಮುಟ್ಟದಿದ್ದರೆ ಲಾಗೌಟ್ ಆಗುವ ವೆಬ್ ಫಾರ್ಮು ಕಟ್ಟಿದವರು ಇದನ್ನು ಕಂಡಿರುವುದಿಲ್ಲ.

ಹಾಗೆಂದು ಹಾಳೆ ಪಾಪದ್ದೇನಲ್ಲ. ಸಂಗ್ರಹಾಲಯದ ವಸ್ತುವಿನ ಕ್ರಮಸಂಖ್ಯೆ 12-5 ಎಂದು ಬರೆದರೆ ಎಕ್ಸೆಲ್ ಅದನ್ನು ತಾರೀಖು ಮಾಡಿಬಿಡುತ್ತದೆ. 007 ಎಂದರೆ 7 ಉಳಿಯುತ್ತದೆ. ಎಕ್ಸೆಲ್‌ನ ಕಾಲಗಣನೆ ಶುರುವಾಗುವುದೇ 1900ರ ಜನವರಿ 1ರಿಂದ. ಅದಕ್ಕಿಂತ ಹಳೆಯ ದಿನಾಂಕ ಅದಕ್ಕೆ ದಿನಾಂಕವೇ ಅಲ್ಲ. 1897ರದೂ 1905ರದೂ ಒಂದೇ ಕಾಲಮ್ಮಿನಲ್ಲಿದ್ದರೆ ಒಂದನ್ನು ಅಕ್ಷರ ಎಂದೂ ಇನ್ನೊಂದನ್ನು ಸಂಖ್ಯೆ ಎಂದೂ ಒಳಗೇ ಬೇರೆ ಮಾಡಿಟ್ಟಿರುತ್ತದೆ, ಹೊರಗಿನಿಂದ ನೋಡಿದರೆ ಗೊತ್ತಾಗದು. (ಈ ತಾರೀಖಿನ ಚಾಳಿಗೆ ಬೇಸತ್ತು ವಿಜ್ಞಾನಿಗಳು 2020ರಲ್ಲಿ ಕೆಲವು ಜೀನ್‌ಗಳ ಹೆಸರನ್ನೇ ಬದಲಿಸಿದರು. ಎಕ್ಸೆಲ್ ಆಗ ಬದಲಾಗಲಿಲ್ಲ; ಈ ಚಾಳಿಯನ್ನು ನಿಲ್ಲಿಸಿಕೊಳ್ಳುವ ಆಯ್ಕೆ ಅದರಲ್ಲಿ ಬಂದದ್ದು 2023ರಲ್ಲಿ.) ಹಾಳೆಯಿಂದ ಶುರು ಮಾಡುವ ತಂತ್ರಾಂಶ ಈ ಎಲ್ಲ ಕಾಟಗಳನ್ನೂ ತಾನೇ ಹಿಡಿದು ತೋರಿಸಬೇಕು. ‘ದೋಷ: ಸಾಲು 412’ ಎಂದರೆ ಸಾಲದು, ‘412ನೇ ಸಾಲಿನ ಕ್ರಮಸಂಖ್ಯೆ ತಾರೀಖಾಗಿ ಬದಲಾದಂತಿದೆ’ ಎನ್ನಬೇಕು. ಡೆಮೊಗೆಂದು ತೊಳೆದಿಟ್ಟ ಇಪ್ಪತ್ತು ಸಾಲಿನ ಮಾದರಿ ಹಾಳೆಯಲ್ಲಿ ಪರೀಕ್ಷಿಸಿದ ತಂತ್ರಾಂಶಕ್ಕೆ ಈ ಬುದ್ಧಿ ಬರುವುದಿಲ್ಲ. ಅದಕ್ಕೆ ಗಲೀಜು ಹಾಳೆಯೇ ಆಗಬೇಕು.

ವಿಶ್ವೇಶ್ವರಯ್ಯನವರು ಎಷ್ಟು ಜನ?

ಮೂರನೆಯದು ಓಪನ್‌ರಿಫೈನ್. ಇದರ ಜಾತಕ ಸ್ವಲ್ಪ ವಿಚಿತ್ರ. ಮೆಟಾವೆಬ್ ಎಂಬ ಕಂಪನಿಯಲ್ಲಿ ಹುಟ್ಟಿತು. 2010ರಲ್ಲಿ ಗೂಗಲ್ ಆ ಕಂಪನಿಯನ್ನು ಕೊಂಡಾಗ ಗೂಗಲ್ ರಿಫೈನ್ ಆಯಿತು. 2012ರಲ್ಲಿ ಗೂಗಲ್ ಕೈಬಿಟ್ಟಾಗ ಬಳಸುತ್ತಿದ್ದವರೇ ಎತ್ತಿಕೊಂಡು ಓಪನ್‌ರಿಫೈನ್ ಎಂದು ಕರೆದರು. ಇದು ಸಂಗ್ರಹಾಲಯಗಳಿಗೆಂದು ಮಾಡಿದ್ದೇ ಅಲ್ಲ, ಯಾವುದೇ ಗಲೀಜು ಪಟ್ಟಿಯನ್ನು ಹಸನು ಮಾಡುವ ಸಾಧನ. ಆದರೂ ಅದರ ಬಳಕೆದಾರರ ಸಮೀಕ್ಷೆಗಳಲ್ಲಿ ಗ್ರಂಥಾಲಯದವರೇ ದೊಡ್ಡ ಗುಂಪಾಗಿ ಕಾಣಿಸಿಕೊಂಡರು. ಕಟ್ಟಿದವರು ಊಹಿಸದ ಬಳಕೆದಾರರು ತಾವಾಗಿ ಬಂದು ಸೇರಿಕೊಂಡರು, ತಂತ್ರಾಂಶ ಅವರ ಕಡೆಗೆ ತಿರುಗಿಕೊಂಡಿತು.

ಅದು ಮಾಡುವ ಕೆಲಸವನ್ನು ಹತ್ತಿರದಿಂದ ನೋಡೋಣ. ಮೈಸೂರು ಸಂಸ್ಥಾನದ ಕಾಲದ ಫೋಟೊಗಳ ಪಟ್ಟಿಯೊಂದರಲ್ಲಿ ‘ಚಿತ್ರದಲ್ಲಿರುವವರು’ ಎಂಬ ಕಾಲಮ್ಮು ಇದೆ ಎನ್ನಿ. ನಾಲ್ಕು ಜನ ನಾಲ್ಕು ಕಾಲದಲ್ಲಿ ಟೈಪು ಮಾಡಿದ್ದಾರೆ. ಒಬ್ಬರು ‘ಎಂ. ವಿಶ್ವೇಶ್ವರಯ್ಯ’ ಎಂದಿದ್ದಾರೆ. ಗ್ರಂಥಾಲಯದ ಪದ್ಧತಿಯಲ್ಲಿ ಪಳಗಿದ ಇನ್ನೊಬ್ಬರು ‘ವಿಶ್ವೇಶ್ವರಯ್ಯ, ಎಂ.’ ಎಂದಿದ್ದಾರೆ. ಮೂರನೆಯವರು ಚುಕ್ಕಿಯ ಮುಂದೆ ಜಾಗ ಬಿಡದೆ ‘ಎಂ.ವಿಶ್ವೇಶ್ವರಯ್ಯ’ ಎಂದು ಹೊಡೆದಿದ್ದಾರೆ. ನಾಲ್ಕನೆಯವರದು ‘ಎಂ. ವಿಶ್ವೇಶ್ವರಾಯ’. ಓದುವ ನಮಗೆ ಎಲ್ಲರೂ ಒಬ್ಬರೇ. ಕಂಪ್ಯೂಟರಿಗೆ ನಾಲ್ವರು.

ಓಪನ್‌ರಿಫೈನ್‌ನ ‘ಫಿಂಗರ್‌ಪ್ರಿಂಟ್’ ಎಂಬ ವಿಧಾನ ಮಾಡುವುದು ಇಷ್ಟು: ಚುಕ್ಕಿ, ಅಲ್ಪವಿರಾಮಗಳನ್ನು ಕಿತ್ತು ಹಾಕು, ಜಾಗ ಬಿಟ್ಟಲ್ಲಿ ಪದಗಳನ್ನು ಬಿಡಿಸು, ಪದಗಳನ್ನು ಅಕಾರಾದಿಯಾಗಿ ಜೋಡಿಸು, ಮತ್ತೆ ಸೇರಿಸು. ಈ ಜರಡಿಯಲ್ಲಿ ಮೊದಲಿನ ಎರಡೂ ‘ಎಂ ವಿಶ್ವೇಶ್ವರಯ್ಯ’ ಆಗಿ ಇಳಿಯುತ್ತವೆ, ಒಂದೇ ಗುಂಪಿಗೆ ಬರುತ್ತವೆ. ಮೂರನೆಯದು ಮಾತ್ರ ಚುಕ್ಕಿ ಹೋದ ಮೇಲೆ ‘ಎಂವಿಶ್ವೇಶ್ವರಯ್ಯ’ ಎಂಬ ಒಂಟಿ ಪದವಾಗಿ ಹೊರಗುಳಿಯುತ್ತದೆ. ಇನಿಶಿಯಲ್ ಆದ ಮೇಲೆ ಜಾಗ ಬಿಡದಿರುವುದು ಕನ್ನಡದ ಟೈಪಿಂಗಿನಲ್ಲಿ ದಿನಬೆಳಗಾದರೆ ಕಾಣುವ ರೂಢಿ, ಹಾಗಾಗಿ ಕನ್ನಡದ ಪಟ್ಟಿ ಹಸನು ಮಾಡುವವರು ಮೊದಲು ಪ್ರತಿ ಚುಕ್ಕಿಯ ಮುಂದೂ ಒಂದು ಜಾಗ ಸೇರಿಸಿಕೊಂಡು ಆಮೇಲೆ ಗುಂಪು ಮಾಡಬೇಕು. ನಾಲ್ಕನೆಯದಕ್ಕೆ ಬೇರೆಯೇ ವಿಧಾನ: ಎರಡು ಹೆಸರುಗಳ ನಡುವೆ ಎಷ್ಟು ಅಕ್ಷರಗಳ ಅಂತರವಿದೆ ಎಂದು ಎಣಿಸಿ ಹತ್ತಿರದವನ್ನು ಜೋಡಿ ಮಾಡುವುದು. ಮುಖ್ಯವಾದ ಮಾತೆಂದರೆ, ಇವು ಒಂದೇ ಇರಬಹುದು, ಸೇರಿಸಲೇ ಎಂದು ತಂತ್ರಾಂಶ ಕೇಳುತ್ತದೆಯೇ ಹೊರತು ತಾನೇ ಸೇರಿಸುವುದಿಲ್ಲ. ಅಕ್ಷರ ಒಂದೇ ಬೇರೆಯಾದರೂ ಮನುಷ್ಯರು ಬೇರೆ ಇರಬಹುದು ಎಂಬುದು ಕ್ಯುರೇಟರಿಗೆ ಗೊತ್ತು. ಸೇರಿಸಿದ್ದು ತಪ್ಪೆನಿಸಿದರೆ ಹೆಜ್ಜೆಹೆಜ್ಜೆಯಾಗಿ ಹಿಂದಕ್ಕೆ ಹೋಗಬಹುದು. ಎಲ್ಲ ನಡೆಯುವುದು ಬ್ರೌಸರಿನೊಳಗೇ ಕಂಡರೂ ನಿಮ್ಮದೇ ಕಂಪ್ಯೂಟರಿನಲ್ಲಿ. ನೀವಾಗಿ ಏರಿಸುವತನಕ, ಇಲ್ಲವೇ ಹೊರಗಿನ ತಾಣದ ಜೊತೆ ತಾಳೆ ನೋಡುವತನಕ ಪಟ್ಟಿ ಹೊರಗೆ ಹೋಗುವುದಿಲ್ಲ. ಹಕ್ಕು ಸ್ಪಷ್ಟವಿಲ್ಲದ ಸಂಗ್ರಹ ಇಟ್ಟುಕೊಂಡವರಿಗೆ ಈ ಧೈರ್ಯ ಬಹಳ ದೊಡ್ಡದು.

ಹೆಸರು ಒಂದಾದ ಮೇಲೆ ಇನ್ನೊಂದು ಹೆಜ್ಜೆ ಇದೆ, ವಿಕಿಪೀಡಿಯ ಬಳಗದ ಮುಕ್ತ ಮಾಹಿತಿಕೋಶ ವಿಕಿಡೇಟಾದ ಜೊತೆ ತಾಳೆ ನೋಡುವುದು. ಬರೀ ‘ವಿಶ್ವೇಶ್ವರಯ್ಯ’ ಎಂದರೆ ಮನುಷ್ಯರೇ, ಅವರ ಹೆಸರಿನ ತಾಂತ್ರಿಕ ವಿಶ್ವವಿದ್ಯಾಲಯವೇ, ಬೆಂಗಳೂರಿನ ಮ್ಯೂಸಿಯಮ್ಮೇ? ‘ಮನುಷ್ಯರನ್ನು ಮಾತ್ರ ತೋರಿಸು’ ಎಂದು ಹೇಳಿ ಸರಿಯಾದವರನ್ನು ಆರಿಸಿದರೆ ಹೆಸರಿನ ಜಾಗಕ್ಕೆ ಒಂದು ಗುರುತು ಸಂಖ್ಯೆ ಬಂದು ಕೂರುತ್ತದೆ. ಆ ಸಂಖ್ಯೆಗೆ ಯಾವ ಭಾಷೆಯ ಹಂಗೂ ಇಲ್ಲ. ಕಾಮನ್ಸ್‌ನ ವರ್ಗಗಳೆಲ್ಲ ಬಹುಮಟ್ಟಿಗೆ ಇಂಗ್ಲಿಷಿನಲ್ಲೇ ಇವೆ ಎಂಬುದು ಕನ್ನಡದವರಷ್ಟೇ ಅಲ್ಲ, ಜಪಾನಿನವರ, ಅರಬ್ಬರ ಹಳೆಯ ದೂರು. 2017ರಲ್ಲಿ ಸ್ಲೋನ್ ಪ್ರತಿಷ್ಠಾನ ಕೊಟ್ಟ 30 ಲಕ್ಷ ಡಾಲರ್ ಚಿಲ್ಲರೆ ಅನುದಾನದಿಂದ ಕಾಮನ್ಸ್‌ನ ವಿವರಗಳನ್ನು ಈ ಬಗೆಯ ಸಂಖ್ಯೆಗಳಿಗೆ ಜೋಡಿಸುವ ಕೆಲಸ ಶುರುವಾಯಿತು. 2019ರಿಂದ ಯಾವುದೇ ಭಾಷೆಯಲ್ಲಿ ಚಿತ್ರದ ಅಡಿಬರಹ ಹಾಕಬಹುದಾಗಿದೆ, ಚಿತ್ರದಲ್ಲಿ ಏನಿದೆ ಎಂಬುದನ್ನು ವಿಕಿಡೇಟಾದ ಮೂಲಕ ಹೇಳಬಹುದಾಗಿದೆ. ಪೋಲಿಷ್‌ನಲ್ಲಿ ವಿವರ ಬರೆದ ವಾರ್ಸಾದ ಆನೆಯ ಚಿತ್ರ, ‘ಆನೆ’ ಎಂದು ಕನ್ನಡದಲ್ಲಿ ಹುಡುಕಿದವರಿಗೂ ಸಿಗುವ ದಾರಿ ಇದು. 2022ರ ಆವೃತ್ತಿಯಿಂದ ಓಪನ್‌ರಿಫೈನ್ ಈ ವಿವರಗಳನ್ನು ನೇರವಾಗಿ ಕಾಮನ್ಸ್‌ಗೆ ಬರೆಯುತ್ತದೆ, ಅದರ ಮುಂದಿನ ಆವೃತ್ತಿಯಿಂದ ಹೊಸ ಕಡತಗಳನ್ನೂ ಏರಿಸುತ್ತದೆ.

ಕಲಿಯುವುದು ಸುಲಭವೇ? ಅಲ್ಲ. ಪ್ಯಾಟಿಪ್ಯಾನ್ ಒಂದು ಮಧ್ಯಾಹ್ನದಲ್ಲಿ ಕೈಗೆ ಬರುತ್ತದೆ, ಓಪನ್‌ರಿಫೈನ್‌ಗೆ ಎದುರು ಕೂತು ಹೇಳಿಕೊಡುವವರು ಬೇಕು. ಎರಡೂ ಇರಲಿ ಎಂಬುದೇ ನನ್ನ ಅಭಿಪ್ರಾಯ. ಒಂದೇ ತಂತ್ರಾಂಶದಲ್ಲಿ ಎಲ್ಲರಿಗೂ ಎಲ್ಲವನ್ನೂ ಕೊಡುತ್ತೇವೆ ಎಂದು ಹೊರಟ ಪೋರ್ಟಲ್ಲುಗಳ ಗತಿ ನಾವು ನೋಡಿಯೇ ಇದ್ದೇವೆ.

ಕನ್ನಡದ ಹಾಳೆಗಳ ಪಾಡು

ಇಲ್ಲಿಯ ಸಂಸ್ಥೆಗಳಿಗೆ ಇನ್ನೂ ಒಂದು ಹೊಸ್ತಿಲಿದೆ, ಹೊರಗಿನ ಯಾವ ತಂತ್ರಾಂಶಕ್ಕೂ ಅದು ಗೊತ್ತಿಲ್ಲ. ಹಳೆಯ ಕನ್ನಡ ಪಟ್ಟಿಗಳು ‘ನುಡಿ’, ‘ಬರಹ’, ‘ಶ್ರೀಲಿಪಿ’ ಎಂಬ ಟೈಪಿಂಗ್ ತಂತ್ರಾಂಶಗಳ ಹಳೆಯ ಅಚ್ಚಿನಲ್ಲಿವೆ. ಪರದೆಯ ಮೇಲೆ ಕನ್ನಡ ಕಾಣುತ್ತದೆ, ಏಕೆಂದರೆ ಫಾಂಟು ಹಾಗೆ ತೋರಿಸುತ್ತದೆ. ಒಳಗಿರುವುದು ರೋಮನ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಅದನ್ನು ನಕಲಿಸಿ ಜಾಲತಾಣಕ್ಕೆ ಹಾಕಿದರೆ ಮುಸುಕು ಬಿದ್ದುಹೋಗುತ್ತದೆ. ಎಲ್ಲ ಕಂಪ್ಯೂಟರುಗಳೂ ಓದಬಲ್ಲ ಯುನಿಕೋಡಿಗೆ ಬದಲಿಸುವ ಪರಿವರ್ತಕಗಳನ್ನು ಕನ್ನಡದ ಆಸಕ್ತರು ಬರೆದಿದ್ದಾರೆ, ಆದರೆ ಒಂದೇ ಹಾಳೆಯಲ್ಲಿ ಅರ್ಧ ನುಡಿ, ಅರ್ಧ ಯುನಿಕೋಡ್, ನಡುನಡುವೆ ಇಂಗ್ಲಿಷ್ ಇದ್ದರೆ ಪರಿವರ್ತಕ ಇಂಗ್ಲಿಷನ್ನೂ ಕನ್ನಡ ಮಾಡಿ ಗೊಜ್ಜಾಗಿಸುತ್ತದೆ.

ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದ ಕತೆ ಇದರ ಇನ್ನೊಂದು ಮುಖ. ಸಾವಿರಾರು ಕನ್ನಡ ಪುಸ್ತಕಗಳು ಅಲ್ಲಿ ಸ್ಕ್ಯಾನ್ ಆಗಿದ್ದವು, ಆದರೆ ಅವುಗಳ ಹೆಸರು, ಲೇಖಕರ ಹೆಸರು ರೋಮನ್ ಲಿಪಿಯಲ್ಲಿ, ಟೈಪು ಮಾಡಿದವರಿಗೆ ತೋಚಿದ ಕಾಗುಣಿತದಲ್ಲಿ. ಕನ್ನಡದಲ್ಲಿ ಹುಡುಕಿದರೆ ಒಂದೂ ಸಿಗದು. ಪುಸ್ತಕ ಇದ್ದೂ ಇಲ್ಲದ ಹಾಗೆ. ಕನ್ನಡದ ಸ್ವಯಂಸೇವಕರ ಬಳಗ ‘ಸಂಚಯ’ದ ಗೆಳೆಯರು ‘ಸಮೂಹ ಸಂಚಯ’ ಎಂಬ ತಾಣ ಕಟ್ಟಿ ಈ ವಿವರಗಳನ್ನು ಕನ್ನಡಕ್ಕೆ ತರುವ ಕೆಲಸವನ್ನು ಓದುಗರ ಮುಂದಿಟ್ಟರು. ಹೆಚ್ಚು ಹೊತ್ತು ಕೊಡಲಾಗದವರೂ ಕೈಹಾಕಬಹುದಾದ ಸಣ್ಣ ಸಣ್ಣ ತುಂಡುಗಳಾಗಿ ಕೆಲಸವನ್ನು ಒಡೆದದ್ದೇ ಅದರ ಹೆಚ್ಚುಗಾರಿಕೆ. ಕನ್ನಡ ಬರೆಯಲು ಬಂದರೆ ಸಾಕು, ಕ್ಯಾಟಲಾಗ್ ಶಾಸ್ತ್ರ ಬೇಕಿಲ್ಲ.

ಓದುಗರೂ ಬಳಕೆದಾರರೇ

ಇಲ್ಲಿಯವರೆಗೆ ‘ಬಳಕೆದಾರ’ ಎಂದಾಗ ಸಂಸ್ಥೆಯ ಸಿಬ್ಬಂದಿ ಕಣ್ಣಮುಂದಿದ್ದರು. ಸಂಚಯದ ಉದಾಹರಣೆಯಲ್ಲಿ ಓದುಗರು ಒಳಗೆ ಬಂದರು. ಆಸ್ಟ್ರೇಲಿಯದ ರಾಷ್ಟ್ರೀಯ ಗ್ರಂಥಾಲಯ ಇದನ್ನು ದೊಡ್ಡ ಪ್ರಮಾಣದಲ್ಲಿ ಮಾಡಿ ತೋರಿಸಿತು. 2008ರಲ್ಲಿ ಅದು ಹಳೆಯ ಪತ್ರಿಕೆಗಳನ್ನು ಜಾಲಕ್ಕೆ ತಂದಾಗ, ಯಂತ್ರ ಓದಿದ ಪಠ್ಯದ ತುಂಬ ತಪ್ಪುಗಳಿದ್ದವು. ಗ್ರಂಥಾಲಯ ಆ ತಪ್ಪುಗಳನ್ನು ಮುಚ್ಚಿಡಲಿಲ್ಲ. ಸ್ಕ್ಯಾನಿನ ಪಕ್ಕದಲ್ಲೇ ಪಠ್ಯವನ್ನಿಟ್ಟು, ಸಾಲು ಸಾಲಾಗಿ ತಿದ್ದಲು ಓದುಗರಿಗೆ ಬಿಟ್ಟಿತು. ಲಾಗಿನ್ ಕಡ್ಡಾಯವಿಲ್ಲ, ಮೊದಲೇ ಪರಿಶೀಲಿಸುವ ಸಂಪಾದಕರಿಲ್ಲ, ಹಳೆಯ ಪಾಠ ಅಳಿಸಿಹೋಗದೆ ಉಳಿಯುತ್ತದೆ. ಕಿಡಿಗೇಡಿಗಳು ನುಗ್ಗಿ ಹಾಳುಗೆಡವುತ್ತಾರೆ ಎಂದು ಅಂಜಿದ್ದವರಿದ್ದರು. ಬಂದವರು ತಮ್ಮ ಅಜ್ಜ ಮುತ್ತಜ್ಜಂದಿರ ಹೆಸರು ಹುಡುಕಿಕೊಂಡು ಬಂದ ವಂಶಾವಳಿ ಪ್ರಿಯರು; ತಮ್ಮ ಸಾಲು ತಿದ್ದಿ, ಹಾಗೇ ಪಕ್ಕದ ಸಾಲನ್ನೂ ತಿದ್ದಿದರು. ಟ್ರೋವ್ ಎಂಬ ಹೆಸರಿನಲ್ಲಿ ಇವತ್ತಿಗೂ ಅದು ನಡೆಯುತ್ತಿದೆ, ತಿದ್ದಿದ ಸಾಲುಗಳ ಲೆಕ್ಕ ಕೋಟಿಗಳಲ್ಲಿದೆ.

ಓದುಗರ ಭಾಷೆಯೂ ಕ್ಯುರೇಟರುಗಳ ಭಾಷೆಯೂ ಎಷ್ಟು ದೂರ ಎಂಬುದಕ್ಕೆ ಅಮೆರಿಕದ ಕೆಲವು ಕಲಾ ಸಂಗ್ರಹಾಲಯಗಳು ಕೂಡಿ ನಡೆಸಿದ ‘ಸ್ಟೀವ್’ ಯೋಜನೆಯೇ ಸಾಕ್ಷಿ. ಕಲಾಕೃತಿಗಳನ್ನು ತೋರಿಸಿ, ನಿಮಗೆ ತೋಚಿದ ಪದಗಳನ್ನು ಕೊಡಿ ಎಂದಾಗ ಬಂದ ಪದಗಳಲ್ಲಿ ಹತ್ತಕ್ಕೆ ಎಂಟಕ್ಕಿಂತ ಹೆಚ್ಚು ಸಂಗ್ರಹಾಲಯದ ದಾಖಲೆಗಳಲ್ಲಿ ಇರಲೇ ಇಲ್ಲ. ಕ್ಯುರೇಟರ್ ಕಲಾವಿದನನ್ನು, ಶೈಲಿಯನ್ನು, ಮಾಧ್ಯಮವನ್ನು ಬರೆಯುತ್ತಾನೆ. ಹುಡುಕುವವರಿಗೆ ಬೇಕಾದದ್ದು ‘ಕೊಡೆ ಹಿಡಿದ ಹೆಂಗಸು’.

ತೋರಿಸಬಾರದ್ದು

ಎಲ್ಲವನ್ನೂ ಎಲ್ಲರಿಗೂ ತೆರೆಯುವುದೇ ಗುರಿ ಎಂಬ ಭಾವನೆ ಮುಕ್ತ ಜ್ಞಾನದ ಚಳವಳಿಯಲ್ಲಿ ಬಲವಾಗಿದೆ, ನನ್ನಲ್ಲೂ ಇದೆ. ಆಸ್ಟ್ರೇಲಿಯದ ಟೆನೆಂಟ್ ಕ್ರೀಕಿನ ವಾರುಮುಂಗು ಜನ ಅದಕ್ಕೆ ಒಂದು ಪ್ರಶ್ನೆ ಹಾಕಿದರು. ಮಿಷನರಿಗಳು, ಸಂಶೋಧಕರು ತೆಗೆದಿದ್ದ ಹಳೆಯ ಫೋಟೊಗಳು ಡಿಜಿಟಲ್ ರೂಪದಲ್ಲಿ ಅವರಿಗೆ ವಾಪಸು ಬಂದಾಗ, ಇವನ್ನು ಯಾರು ನೋಡಬಹುದು ಎಂಬ ಮಾತೆದ್ದಿತು. ಕೆಲವು ಆಚರಣೆಗಳನ್ನು ಹೆಂಗಸರು ಮಾತ್ರ ನೋಡಬೇಕು, ಕೆಲವನ್ನು ಗಂಡಸರು ಮಾತ್ರ. ಕೆಲವು ಒಂದು ಮನೆತನಕ್ಕೆ, ಒಂದು ನೆಲಕ್ಕೆ ಸೇರಿದವು. ತೀರಿಕೊಂಡವರ ಮುಖ ಎಚ್ಚರಿಕೆಯಿಲ್ಲದೆ ಕಣ್ಣಿಗೆ ಬೀಳಬಾರದು.

ಮಾಮೂಲಿ ತಂತ್ರಾಂಶದಲ್ಲಿ ಇದಕ್ಕೆ ಜಾಗವೇ ಇಲ್ಲ. ಅಲ್ಲಿರುವುದು ಅಡ್ಮಿನ್, ಎಡಿಟರ್, ವಿಸಿಟರ್. ಕಿಂಬರ್ಲಿ ಕ್ರಿಸ್ಟೆನ್ ಎಂಬ ಅಮೆರಿಕದ ಸಂಶೋಧಕಿ ಆ ಸಮುದಾಯದ ಜೊತೆ ಕೂತು ಕಟ್ಟಿದ ‘ಮುಕುರ್ತು’ ಎಂಬ ವ್ಯವಸ್ಥೆ, 2007ರಲ್ಲಿ ಅಲ್ಲಿಯ ನ್ಯಿಂಕಾ ನ್ಯುನ್ಯು ಕಲಾಕೇಂದ್ರದಲ್ಲಿ ಶುರುವಾಯಿತು. ನೋಡುವವರ ಲಿಂಗ, ಮನೆತನ, ನೆಲದ ನಂಟು ಇವೇ ಅಲ್ಲಿ ಅನುಮತಿಯ ನಿಯಮಗಳು. ಒಂದೇ ಭಂಡಾರ, ಆದರೆ ಅಕ್ಕನಿಗೆ ಕಾಣುವುದು ತಮ್ಮನಿಗೆ ಕಾಣುವುದಿಲ್ಲ. ಆಮೇಲೆ ಅದು ಯಾರು ಬೇಕಾದರೂ ಬಳಸಬಹುದಾದ ಮುಕ್ತ ತಂತ್ರಾಂಶವಾಗಿ ಬೆಳೆಯಿತು. ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯ ಅದನ್ನು ನೋಡಿಕೊಳ್ಳುತ್ತದೆ. ಅಮೆರಿಕದ ಮೇನ್ ರಾಜ್ಯದ ಪಾಸಮಕ್ವೊಡಿ ಜನರ ಹಾಡುಗಳನ್ನು 1890ರಲ್ಲಿ ಮೇಣದ ಸಿಲಿಂಡರುಗಳಲ್ಲಿ ಧ್ವನಿಮುದ್ರಿಸಲಾಗಿತ್ತು. ಲೈಬ್ರರಿ ಆಫ್ ಕಾಂಗ್ರೆಸ್ ಅವನ್ನು ಪ್ರಕಟಿಸುವಾಗ, ಇದನ್ನು ಹೇಗೆ ಬಳಸಬೇಕು, ಯಾರ ಅಪ್ಪಣೆ ಬೇಕು ಎಂಬ ಆ ಸಮುದಾಯದ್ದೇ ಸೂಚನಾ ಚೀಟಿಗಳು ಜೊತೆಗಿವೆ. ಕೆಲವು ಹಾಡುಗಳು ಸಾರ್ವಜನಿಕರಿಗೆ ತೆರೆದಿಲ್ಲ.

ಕರಾವಳಿಯಲ್ಲಿ ದೈವದ ಕೋಲಕ್ಕೆ ಹೋಗುವವರಿಗೆ ಈ ಪ್ರಶ್ನೆ ಹೊಸದಲ್ಲ. ವಿಡಿಯೊ ಮಾಡಬೇಡಿ ಎಂದು ಫಲಕ ಹಾಕುವ ಕಡೆಗಳಿವೆ. ಅಲ್ಲಿಯ ಸಂಗ್ರಹವೊಂದಕ್ಕೆ ತಂತ್ರಾಂಶ ಕಟ್ಟುವವರು ‘ಸಾರ್ವಜನಿಕ’, ‘ಖಾಸಗಿ’ ಎಂಬ ಎರಡೇ ಗುಂಡಿ ಇಟ್ಟರೆ, ಮೊದಲ ದಿನವೇ ಮಾತುಕತೆ ಮುರಿದುಬೀಳುತ್ತದೆ.

ಕೊಟ್ಟದ್ದು ವಾಪಸು ಬರುವ ದಾರಿ

ಏರಿಸಿದ ಮೇಲೆ ಎರಡು ಕೆಲಸ ಉಳಿಯುತ್ತವೆ. ಒಂದು ಲೆಕ್ಕ ಕೊಡುವುದು. ಎಷ್ಟು ಜನ ನೋಡಿದರು ಎಂದು ಮೇಲಧಿಕಾರಿ ಕೇಳುತ್ತಾರೆ. ಉತ್ತರವಿಲ್ಲದಿದ್ದರೆ ಮುಂದಿನ ವರ್ಷದ ಅನುದಾನಕ್ಕೆ ಕುತ್ತು. ಮಾಗ್ನಸ್ ಮಾನ್ಸ್ಕೆ ಎಂಬ ಜರ್ಮನ್ ಸ್ವಯಂಸೇವಕರು ಬರೆದ ‘ಬಗ್ಲಾಮಾ’ ಎಂಬ ಸಾಧನ, ಒಂದು ಸಂಸ್ಥೆಯ ಚಿತ್ರಗಳಿರುವ ವಿಕಿಪೀಡಿಯ ಪುಟಗಳನ್ನು ತಿಂಗಳಿಗೆ ಎಷ್ಟು ಸಲ ನೋಡಲಾಯಿತು ಎಂದು ಹೇಳುತ್ತದೆ. ಸಾಧಾರಣ ಕೋಷ್ಟಕ, ಆದರೆ ಎಷ್ಟೋ ಸಂಗ್ರಹಾಲಯಗಳ ವಾರ್ಷಿಕ ವರದಿಯಲ್ಲಿ ಒಂದು ಸಾಲು ಸೇರಿಸಿಕೊಟ್ಟಿದೆ. ಒಬ್ಬರ ಬಿಡುವಿನ ವೇಳೆಯ ಮೇಲೆ ಇಷ್ಟೊಂದು ಸಂಸ್ಥೆಗಳು ನಿಂತಿವೆ ಎಂಬುದು ಮಾತ್ರ ನೆಮ್ಮದಿಯ ಸಂಗತಿಯಲ್ಲ. ಫೋಟೊ ಹಂಚಿಕೊಳ್ಳುವ ತಾಣ ಫ್ಲಿಕರ್‌ನಿಂದ ಕಾಮನ್ಸ್‌ಗೆ ಚಿತ್ರ ಸಾಗಿಸಲು ವರ್ಷಗಟ್ಟಲೆ ಎಲ್ಲರೂ ನೆಚ್ಚಿಕೊಂಡಿದ್ದದ್ದೂ ಅವರದೇ ಒಂದು ಸಾಧನವನ್ನು. ಈಚೆಗೆ ಫ್ಲಿಕರ್ ಪ್ರತಿಷ್ಠಾನವು ವಿಕಿಮೀಡಿಯದ ಜೊತೆಗೂಡಿ ‘ಫ್ಲಿಕಿಪೀಡಿಯ’ ಎಂಬ ಹೊಸದನ್ನು ಕಟ್ಟಿತು.

ಎರಡನೆಯದು ತಿದ್ದುಪಡಿ, ಇದಿನ್ನೂ ಬಗೆಹರಿಯದ ಕಗ್ಗಂಟು. ಬುಂಡೆಸ್‌ಆ‌ರ್ಕೀವ್ ಚಿತ್ರಗಳು ಕಾಮನ್ಸ್‌ಗೆ ಬಂದ ಮೇಲೆ, ಅಡಿಬರಹದ ತಪ್ಪುಗಳನ್ನು ಓದುಗರು ಹಿಡಿಯತೊಡಗಿದರು. ಈ ವಿಮಾನ ಆ ಮಾದರಿಯದಲ್ಲ, ಈ ಬೀದಿ ಆ ಊರಿನದಲ್ಲ, ಈ ಅಧಿಕಾರಿಯ ಹೆಸರು ಬೇರೆ. ಅವನ್ನು ವರದಿ ಮಾಡಲೆಂದೇ ಕಾಮನ್ಸ್‌ನಲ್ಲಿ ಪುಟ ತೆರೆಯಬೇಕಾಯಿತು. ಆದರೆ ಅಂಥ ವರದಿ ಕಾಮನ್ಸ್‌ನ ಪುಟದಿಂದ ಸಂಸ್ಥೆಯ ಸ್ವಂತ ಡೇಟಾಬೇಸಿಗೆ ಹೋಗಬೇಕಾದರೆ ಯಾರೋ ಒಬ್ಬರು ಕೂತು ಓದಿ, ಒಪ್ಪಿ, ಟೈಪು ಮಾಡಬೇಕು. ಹೊರಗಿನವರ ತಿದ್ದುಪಡಿಯನ್ನು ಯಾವ ಕ್ಯುರೇಟರೂ ಕಣ್ಣು ಮುಚ್ಚಿ ಒಳಗೆ ಬಿಟ್ಟುಕೊಳ್ಳುವುದಿಲ್ಲ, ಬಿಡಲೂಬಾರದು. ಹಾಗಾಗಿ ಅವರಿಗೆ ಬೇಕಾದ ಸಾಧನ ಬಹಳ ಸರಳ: ಹೋದ ತಿಂಗಳು ನಮ್ಮ ಕಡತಗಳಲ್ಲಿ ಏನೇನು ಬದಲಾಯಿತು, ಹಳೆಯದು ಒಂದು ಕಾಲಮ್ಮಿನಲ್ಲಿ, ಹೊಸದು ಪಕ್ಕದಲ್ಲಿ, ಅದರ ಮುಂದೆ ಹೌದು, ಅಲ್ಲ, ನೋಡಬೇಕು ಎಂಬ ಮೂರು ಆಯ್ಕೆ. ಅವರಿಗೆ ಅಭ್ಯಾಸವಿರುವ ಅದೇ ಹಾಳೆಯಲ್ಲಿ.

ಇದು ಸಾಧ್ಯವಾಗಬೇಕಾದರೆ ಏರಿಸುವ ದಿನವೇ ಒಂದು ಕಾಲಮ್ಮನ್ನು ಮರೆಯದೆ ತುಂಬಿರಬೇಕು, ಸಂಸ್ಥೆಯ ರಿಜಿಸ್ಟರ್‌ನಲ್ಲಿ ಆ ವಸ್ತುವಿಗೆ ಕೊಟ್ಟ ಕ್ರಮಸಂಖ್ಯೆ. ಹೆಸರು ಬದಲಾಗಬಹುದು, ಅಡಿಬರಹ ಬದಲಾಗಬಹುದು, ಕಡತವನ್ನು ಯಾರೋ ಕತ್ತರಿಸಿ ಮರು ಏರಿಸಬಹುದು. ಕಾಮನ್ಸ್‌ನ ಆ ಚಿತ್ರ ಕಪಾಟಿನ ಯಾವ ಪೆಟ್ಟಿಗೆಯದು ಎಂದು ಹೇಳಬಲ್ಲದ್ದು ಆ ಸಂಖ್ಯೆಯೊಂದೇ. ಎಷ್ಟೋ ಏರಿಕೆಗಳಲ್ಲಿ ಖಾಲಿ ಬಿಟ್ಟಿರುವುದೂ ಅದನ್ನೇ, ಅಥವಾ ಎಕ್ಸೆಲ್ ಅದನ್ನು ಆಗಲೇ ತಾರೀಖು ಮಾಡಿಬಿಟ್ಟಿರುತ್ತದೆ.